ರಸ್ತೆಯೇ ಕಲಿಸುತ್ತದೆ ಎಂಬ ಸುಳ್ಳು

ನಮ್ಮ ಕಡೆ ಮಾಣಿಗೆ ಹದಿನೆಂಟು ತುಂಬಿತೆಂದರೆ ಜಗುಲಿಯ ಮೇಲೆ ಒಂದು ತೀರ್ಪು ಬರುತ್ತದೆ. ಕವಳದ ಸಂಚಿ ಬಿಚ್ಚುತ್ತ ಯಾರಾದರೂ ಹಿರಿಯರು ಹೇಳುತ್ತಾರೆ: "ಡ್ರೈವಿಂಗ್ ಎಂತ ಮಹಾ ವಿದ್ಯೆಯನ ತಮಾ? ನಾಕು ದಿನ ಅಂಗಳದಲ್ಲಿ ತಿರುಗಿಸಿರೆ ಬತ್ತು. ಮುಂದಿಂದು ರಸ್ತೆನೇ ಕಲಿಸ್ತು. ಲೈಸೆನ್ಸ್ ಒಂದು ಮಾಡ್ಸಿದ್ರೆ ಆತು, ಅಡ್ಡಿಲ್ಲೆ." ಕೂತವರೆಲ್ಲ ತಲೆಯಾಡಿಸುತ್ತಾರೆ. ಮರುದಿನ ಚಿಕ್ಕಪ್ಪನೋ ಭಾವನೋ ಪಕ್ಕದ ಮನೆಯ ಓಮಿನಿ ಹೊಡೆಯುವವನೋ ಗುರುಪೀಠಕ್ಕೆ ಏರುತ್ತಾನೆ.

"ಅಡ್ಡಿಲ್ಲೆ" ನನಗೆ ಪ್ರೀತಿಯ ಶಬ್ದ. ಊಟ ಹೇಗಿತ್ತು ಎಂದರೂ ಅಡ್ಡಿಲ್ಲೆ, ಜ್ವರ ಹೇಗಿದೆ ಎಂದರೂ ಅಡ್ಡಿಲ್ಲೆ, ಕೊಳೆರೋಗ ಬಂದು ಅರ್ಧ ಫಸಲು ನೆಲಕ್ಕೆ ಬಿದ್ದರೂ ಅಡ್ಡಿಲ್ಲೆ. ಬದುಕಿನ ಭಾರವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಳ್ಳಲು ಮಲೆನಾಡಿನವರು ಕಂಡುಕೊಂಡ ಮಾತು ಅದು. ಆದರೆ ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟದ ಮೂರನೇ ತಿರುವಿನಲ್ಲಿ ಬ್ರೇಕ್ ಪೆಡಲ್ ಮೆತ್ತಗಾಗಿ ಒಳಗಿಳಿಯುವಾಗ ಆ ಶಬ್ದಕ್ಕೆ ಯಾವ ಬಲವೂ ಇರುವುದಿಲ್ಲ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಜಗುಲಿಯ ತೀರ್ಪಿನೊಳಗೆ ಎರಡು ನಂಬಿಕೆಗಳು ಜೋಡುಬಾಳೆಯ ಹಾಗೆ ಅಂಟಿಕೊಂಡಿವೆ. ಓಡಿಸಲು ಬಂದವನಿಗೆ ಕಲಿಸಲೂ ಬರುತ್ತದೆ ಎನ್ನುವುದು ಒಂದು. ಡ್ರೈವಿಂಗ್ ಸ್ಕೂಲ್ ಎಂದರೆ ಲೈಸೆನ್ಸ್ ಮಾಡಿಸಿಕೊಡುವ ಅಂಗಡಿ, ಬೇಗ ಮಾಡಿಸಿಕೊಡುವವನೇ ಒಳ್ಳೆಯವನು ಎನ್ನುವುದು ಇನ್ನೊಂದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿನಲ್ಲಿ ಓದಿದವರು, ಓದದವರು, ಬೆಂಗಳೂರಿಗೆ ಹೋಗಿ ಬಂದವರು ಎಲ್ಲರೂ ಇದನ್ನೇ ಹೇಳುತ್ತಾರೆ. ಎರಡೂ ಸುಳ್ಳು. ಬಯಲುಸೀಮೆಯಲ್ಲಿ ಸುಳ್ಳು, ನಮ್ಮಲ್ಲಂತೂ ಅಪಾಯದ ಸುಳ್ಳು.

ಮೊದಲು "ಯಂಗಕ್ಕೆ ಯಾರು ಕಲಿಸಿದ್ದ? ಎಂತ ಆತು?" ಎಂಬ ಬ್ರಹ್ಮಾಸ್ತ್ರವನ್ನು ನೋಡೋಣ. ಹೌದು, ಏನೂ ಆಗಲಿಲ್ಲ, ಅದಕ್ಕೇ ಜಗುಲಿಯಲ್ಲಿ ಕೂತು ಹೇಳುತ್ತಿದ್ದಾರೆ. ಏನೋ ಆದವರು ಆ ಜಗುಲಿಗೆ ಬರುವುದಿಲ್ಲ. 2022ರಲ್ಲಿ ಈ ದೇಶದ ರಸ್ತೆಗಳ ಮೇಲೆ 1,68,491 ಮಂದಿ ಸತ್ತರೆಂದು ಕೇಂದ್ರ ಸಾರಿಗೆ ಸಚಿವಾಲಯವೇ ಲೆಕ್ಕ ಕೊಟ್ಟಿದೆ. ಅವರಲ್ಲಿ ಒಬ್ಬರ ಸಾಕ್ಷ್ಯವೂ ನಮ್ಮ ಕವಳದ ಸಭೆಯಲ್ಲಿ ದಾಖಲಾಗುವುದಿಲ್ಲ. ದಡ ಸೇರಿದವರನ್ನಷ್ಟೇ ಕೇಳಿ ಹೊಳೆಯ ಆಳ ಬರೆದಿಟ್ಟುಕೊಂಡಂತೆ ಇದು.

ಇನ್ನು ನನ್ನ ಕಥೆ. ನಾನು ಕಲಿತದ್ದು ಮಾವನ ಮನೆಯ ಜೀಪಿನಲ್ಲಿ, ಅದರ ಡ್ರೈವರನಿಂದ. ಒಳ್ಳೆಯ ಮನುಷ್ಯ. ಕತ್ತಲಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ ಅವನಷ್ಟು ನಯವಾಗಿ ಜೀಪು ನಡೆಸುವವರನ್ನು ನಾನು ಆಮೇಲೆ ನೋಡಲಿಲ್ಲ. ಅವನು ನನಗೆ ಹೇಳಿಕೊಟ್ಟದ್ದು ಎಷ್ಟು? ಕ್ಲಚ್ ಒತ್ತು, ಗೇರ್ ಹಾಕು, ಬಿಡು, ತಿರುವಿನಲ್ಲಿ ಹಾರ್ನ್ ಹೊಡೆ. ಉಳಿದದ್ದನ್ನೆಲ್ಲ ಅವನ ಕೈಕಾಲು ಮಾಡುತ್ತಿತ್ತು. ತಾನು ಏನು ಮಾಡುತ್ತಿದ್ದೇನೆಂದು ಅವನಿಗೇ ಹೇಳಲು ಬರುತ್ತಿರಲಿಲ್ಲ. ಘಟ್ಟ ಇಳಿಯುವಾಗ ಅವನು ಕೆಲವು ಕಡೆ ನ್ಯೂಟ್ರಲ್ ಮಾಡುತ್ತಿದ್ದ. ಅದನ್ನು ಮಾತ್ರ ನಾನು ಚೆನ್ನಾಗಿ ಕಲಿತೆ. ಎಲ್ಲಿ ಮಾಡಬಾರದು ಎಂಬುದು ಅವನ ಕಾಲಿಗೆ ಗೊತ್ತಿತ್ತು, ನನ್ನ ತಲೆಗೆ ಗೊತ್ತಿರಲಿಲ್ಲ.

ಹತ್ತು ವರ್ಷ ಹಾಗೇ ಇಳಿದೆ. ಹನ್ನೊಂದನೆಯ ವರ್ಷ, ಶ್ರಾವಣದ ಒಂದು ಸಂಜೆ, ಕುಮಟೆಯ ಕಡೆ ಒಂದು ಮದುವೆಗೆ, ಕಾರಿನ ತುಂಬ ಮಂದಿ. ದೇವಿಮನೆಯಲ್ಲಿ ಇಳಿದು ಕೈಮುಗಿದೆವು. ಮುಂದೆ ಇಳುಕಲು, ನ್ಯೂಟ್ರಲ್, ಬಲಗಾಲು ಬ್ರೇಕಿನ ಮೇಲೆ. ಮೂರನೆಯ ತಿರುವಿಗೆ ಬರುವಷ್ಟರಲ್ಲಿ ಕಾಲಿನ ಕೆಳಗೆ ಬ್ರೇಕಿನ ಬದಲು ಹಳೆಯ ಹಾಸಿಗೆ ಇದ್ದಂತೆ ಭಾಸವಾಯಿತು. ಒತ್ತಿದಷ್ಟೂ ಒಳಗೆ. ಗೇರಿಗೆ ಹಾಕಬೇಕೆಂದು ಹೊಳೆಯುವಷ್ಟರಲ್ಲಿ ವೇಗ ಹೆಚ್ಚಿತ್ತು, ಗೇರ್ ಕಿರುಚಿತೇ ಹೊರತು ಬೀಳಲಿಲ್ಲ. ದರೆಯ ಬದಿಯ ಚರಂಡಿಗೆ ಎಡಗಾಲಿ ಇಳಿದು, ಕಾರು ಉಜ್ಜಿಕೊಂಡು ನಿಂತಿತು. ಬಲಗಡೆ ಏನಿತ್ತು ಎಂಬುದನ್ನು ಘಟ್ಟ ನೋಡಿದವರಿಗೆ ಹೇಳಬೇಕಿಲ್ಲ. ಅತ್ತಿಗೆ ಮಾತ್ರ "ದೇವಿ ಕಾಯ್ದಳು" ಎಂದರು. ದೇವಿಯೇ ಇರಬೇಕು, ನಾನಂತೂ ಕಾಯಲಿಲ್ಲ.

ರಸ್ತೆ ನನಗೆ ಏನು ಕಲಿಸಿತು? ಹತ್ತು ವರ್ಷ ತಪ್ಪು ಮಾಡಿದರೂ ನಡೆಯುತ್ತದೆ ಎಂದು ಕಲಿಸಿತು. ರಸ್ತೆಯ ಗುಣವೇ ಅದು. ತಪ್ಪು ಮಾಡಿದವನಿಗೆ ಅಂದೇ ಬೆತ್ತದ ಏಟು ಕೊಡುವ ಮಾಸ್ತರನಲ್ಲ ಅದು. ಒಂಬೈನೂರ ತೊಂಬತ್ತೊಂಬತ್ತು ಸಲ ಸುಮ್ಮನಿದ್ದು ಸಾವಿರದ ಸಲ ಮಾತಾಡುತ್ತದೆ. ಅಂಥದ್ದನ್ನು ಗುರು ಎಂದು ಕರೆಯುವುದು ಹೇಗೆ?

ಅಂದು ಏನಾಗಿತ್ತೆಂದು ನನಗೆ ತಿಳಿದದ್ದು ಗ್ಯಾರೇಜಿನಲ್ಲಿ. ಗಾಡಿ ಕೆಳಗಿಳಿಯುವಾಗ ಅದರ ಎತ್ತರವೆಲ್ಲ ಶಾಖವಾಗಿ ಎಲ್ಲೋ ಕರಗಬೇಕು. ಮಂದಿ ತುಂಬಿದ ಕಾರು 1,200 ಕಿಲೋ, ಘಟ್ಟ 400 ಮೀಟರ್ ಇಳಿಯಿತು ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆ ಇಳಿತದ ಶಕ್ತಿಯಿಂದ ಸುಮಾರು 15 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ಕೊಡ ನೀರು ಕುದಿಸುವ ಬೆಂಕಿ! ಗಾಳಿಗೆ, ಟೈರಿಗೆ ಒಂದಿಷ್ಟು ಹೋದರೂ, ನ್ಯೂಟ್ರಲ್‌ನಲ್ಲಿ ಇಳಿಸಿದರೆ ಉಳಿದದ್ದೆಲ್ಲ ನಾಲ್ಕು ಬ್ರೇಕುಗಳ ತಲೆಗೆ. ಎರಡನೇ ಗೇರಿನಲ್ಲಿದ್ದರೆ ಅದರಲ್ಲಿ ದೊಡ್ಡ ಪಾಲನ್ನು ಎಂಜಿನ್ ಹೊತ್ತುಕೊಳ್ಳುತ್ತದೆ. ಇನ್ನು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುವ ದ್ರವ. ಡಾಟ್-3 ಎಂಬ ಸಾಮಾನ್ಯ ಬ್ರೇಕ್ ಆಯಿಲ್ ಹೊಸತಿದ್ದಾಗ 205 ಡಿಗ್ರಿಗೆ ಮೊದಲು ಕುದಿಯಬಾರದು ಎಂಬುದು ಅಳತೆ. ತೇವ ಹಿಡಿದ ಮೇಲೆ ಆ ಅಳತೆ 140 ಡಿಗ್ರಿಗೆ ಇಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಸಿಗೆಯೇ ಬೂಸಲು ಹಿಡಿಯುವ ನಮ್ಮ ಊರಿನಲ್ಲಿ ಬ್ರೇಕ್ ಆಯಿಲ್ ಒಣಗಿ ಕೂತಿರುತ್ತದೆಯೇ? ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ. ಗುಳ್ಳೆಯನ್ನು ಒತ್ತಿದರೆ ಅದು ಕುಗ್ಗುತ್ತದೆ, ಚಕ್ರ ನಿಲ್ಲುವುದಿಲ್ಲ. ಹಳೆಯ ಹಾಸಿಗೆ ಎಂದೆನಲ್ಲ, ಅದು ಇದೇ.

ಪೆಟ್ರೋಲ್ ಉಳಿಯುತ್ತದಲ್ಲ ಎನ್ನುವವರಿಗೆ ಒಂದು ಮಾತು. ಇಂದಿನ ಇಂಜೆಕ್ಷನ್ ಎಂಜಿನ್ನಿನ ಕಾರು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಳಿಜಾರಿನಲ್ಲಿ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ತಾನೇ ಉರಿದುಕೊಂಡು ಜೀವ ಹಿಡಿದಿರಬೇಕು, ಅದಕ್ಕೆ ಪೆಟ್ರೋಲ್ ಬೇಕು. ಉಳಿತಾಯಕ್ಕೆಂದು ಮಾಡಿದ್ದೇ ಖರ್ಚು. ಕೆಲವು ಮಹಾನುಭಾವರು ಚಾವಿಯನ್ನೇ ಆಫ್ ಮಾಡುತ್ತಾರೆ. ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ, ಚಾವಿ ಹೊರಬಂದರೆ ಸ್ಟೇರಿಂಗ್ ಲಾಕೇ ಆಗುತ್ತದೆ. ಇದನ್ನು ಹೇಳಿಕೊಡುವ ಚಿಕ್ಕಪ್ಪ ಎಷ್ಟು ಮನೆಯಲ್ಲಿದ್ದಾರೆ?

ನಾವು ಇರುವ ಜಾಗವನ್ನೊಮ್ಮೆ ನೋಡಿ. ಶಿರಸಿಯಿಂದ ಕುಮಟೆಗೆ ಹೊರಟರೆ ದೇವಿಮನೆ. ಸಿದ್ದಾಪುರದಿಂದ ಕುಮಟೆಗೆ ದೊಡ್ಮನೆ ಘಟ್ಟ, ಹೊನ್ನಾವರಕ್ಕೆ ಮಾವಿನಗುಂಡಿ ದಾಟಿ ಗೇರುಸೊಪ್ಪೆಯ ಇಳುಕಲು. ಯಲ್ಲಾಪುರದಿಂದ ಅಂಕೋಲೆಗೆ ಅರಬೈಲು. ಶಿರಸಿಯಿಂದಲೇ ಯಾಣದ ಕಡೆ ಇಳಿಯುವ ವಡ್ಡಿ ಘಟ್ಟವಂತೂ ಇದೆಯಲ್ಲ. ಸಮುದ್ರದ ಕಡೆ ಮುಖ ಮಾಡಿದರೆ ಘಟ್ಟವಿಲ್ಲದ ದಾರಿಯೇ ಇಲ್ಲ. ಮಣಿಪಾಲಕ್ಕೋ ಮಂಗಳೂರಿಗೋ ರಾತ್ರೋರಾತ್ರಿ ರೋಗಿಯನ್ನು ಕರೆದುಕೊಂಡು ಓಡುವವರು ನಾವು. ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕೆಂದು ಕೂಗಿ ಕೂಗಿ ಗಂಟಲು ಒಣಗಿದೆ. ಹಿಂದಿನ ಸೀಟಿನಲ್ಲಿ ಅಪ್ಪ ಎದೆ ಹಿಡಿದುಕೊಂಡು ಮಲಗಿರುವಾಗ, ಜುಲೈ ತಿಂಗಳ ಮಂಜಿನಲ್ಲಿ, ಎದುರಿನ ಟ್ಯಾಂಕರಿನ ಬೆಳಕು ಕಣ್ಣಿಗೆ ಹೊಡೆಯುವಾಗ ಘಟ್ಟ ಇಳಿಸುವ ಹುಡುಗನಿಗೆ ನಾವು ಕೊಟ್ಟ ಶಿಕ್ಷಣ ಅಂಗಳದಲ್ಲಿ ನಾಲ್ಕು ದಿನದ್ದು.

2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು ತರಕಾರಿ ತುಂಬಿಕೊಂಡು ಹೊರಟ ಲಾರಿ ಯಲ್ಲಾಪುರ ತಾಲ್ಲೂಕಿನಲ್ಲಿ ಅರಬೈಲು ಘಟ್ಟದ ಹತ್ತಿರ ಕಂದಕಕ್ಕೆ ಬಿತ್ತು. ಇನ್ನೊಂದು ವಾಹನಕ್ಕೆ ದಾರಿ ಬಿಡಲು ಹೋಗಿ ಹೀಗಾಯಿತೆಂದು ಅಂದು ವರದಿಯಾಯಿತು. ಕನಿಷ್ಠ ಹತ್ತು ಮಂದಿ ಬಡ ವ್ಯಾಪಾರಿಗಳು ಸತ್ತರು. ಆ ಚಾಲಕನ ತರಬೇತಿಯ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಹೇಳುತ್ತಿರುವುದು ನಮ್ಮ ಬಗ್ಗೆ. ಆ ವಾರವೆಲ್ಲ ರಸ್ತೆಯ ಅಗಲ, ತಡೆಗೋಡೆ, ಓವರ್‌ಲೋಡು, ಸರ್ಕಾರ ಎಲ್ಲದರ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಅದೇ ವಾರ ನಮ್ಮೂರಿನಲ್ಲಿ ಇಬ್ಬರು ಹುಡುಗರು ಎಲ್ ಬೋರ್ಡ್ ಕೂಡ ಹಚ್ಚದೆ ಕಾರು ಕಲಿಯತೊಡಗಿದರು, ಚರ್ಚೆ ಮಾಡಿದವರೇ ಪಕ್ಕದ ಸೀಟಿನಲ್ಲಿ ಕೂತಿದ್ದರು. ರಸ್ತೆ ಸರಿಯಿಲ್ಲ ಎನ್ನುವುದಕ್ಕೆ ನಮಗೆ ಹಕ್ಕಿದೆ. ರಸ್ತೆ ಸರಿಯಿಲ್ಲವೆಂದು ಗೊತ್ತಿದ್ದೂ ಅದರ ಕೈಗೇ ಮಕ್ಕಳನ್ನು ಕಲಿಯಲು ಕೊಡುವುದು ಯಾವ ಬುದ್ಧಿ?

ಕಾನೂನು ಏನು ಹೇಳುತ್ತದೆಂದು ನೋಡಹೋದರೆ ಆಶ್ಚರ್ಯ ಕಾದಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳನ್ನು ಬರೆದವರು ಅರಬೈಲು ಘಟ್ಟದಲ್ಲಿ ಕೂತು ಬರೆದರೇನೋ ಎನ್ನಿಸುತ್ತದೆ. ಲೈಸೆನ್ಸ್ ಪರೀಕ್ಷೆಯಲ್ಲಿ ಅಭ್ಯರ್ಥಿ ಏನೇನು ಮಾಡಿ ತೋರಿಸಬೇಕೆಂಬ 15ನೇ ನಿಯಮದ ಪಟ್ಟಿಯಲ್ಲಿ ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬದಲಿಸುವುದು ಇದೆ. ಕಡಿದಾದ ಏರಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಸರಿಯಾಗಿ ಬಳಸಿ, ಹಿಂದಕ್ಕೆ ಒಂದಿಷ್ಟೂ ಜಾರದೆ ಮತ್ತೆ ಹೊರಡುವುದೂ ಇದೆ. ಈ ಎರಡನ್ನು ಮಾಡಿ ತೋರಿಸಿ ಲೈಸೆನ್ಸ್ ಪಡೆದವರು ಕೈ ಎತ್ತಿ. ನಾನಂತೂ ಎತ್ತಲಾರೆ. ಬಯಲಿನಲ್ಲಿ ಮುಂದೆ ಹೋಗಿ ಹಿಂದೆ ಬಂದೆ, ಬ್ರೇಕ್ ಇನ್‌ಸ್ಪೆಕ್ಟರ್ ಸಾಹೇಬರು ಕಾಗದದ ಮೇಲೆ ಗೀಚಿದರು, ಮುಗಿಯಿತು. ಯಾವ ಊರಿನಲ್ಲಿ ಎಂಬುದು ಬೇಡ, ಊರು ಬದಲಾದರೆ ಕಥೆ ಬದಲಾಗುವುದಿಲ್ಲ.

ಕಲಿಸುವವನ ಬಗ್ಗೆಯೂ ಅದೇ ನಿಯಮಾವಳಿಯ 24ನೇ ನಿಯಮ ಸ್ಪಷ್ಟವಾಗಿದೆ. ಡ್ರೈವಿಂಗ್ ಸ್ಕೂಲಿನ ಮಾಸ್ತರು ಹತ್ತನೇ ತರಗತಿ ಪಾಸಾಗಿರಬೇಕು. ಐದು ವರ್ಷ ವಾಹನ ನಡೆಸಿದ ಅನುಭವ ಬೇಕು. ಅದರ ಮೇಲೆ ಮೋಟಾರ್ ಮೆಕ್ಯಾನಿಕ್ ಕೋರ್ಸಿನ ಸರ್ಟಿಫಿಕೇಟೋ, ಮೆಕ್ಯಾನಿಕಲ್ ಎಂಜಿನಿಯರಿಂಗಿನ ಅದಕ್ಕೂ ಮೇಲಿನ ಓದೋ ಬೇಕು. ಸಂಚಾರ ಚಿಹ್ನೆಗಳು ಪೂರ್ತಿ ಗೊತ್ತಿರಬೇಕು. ವಾಹನದ ಭಾಗಗಳ ಕೆಲಸವನ್ನು ತೋರಿಸಿ ವಿವರಿಸುವ ಶಕ್ತಿ ಇರಬೇಕು. ಕೊನೆಯದನ್ನು ಇನ್ನೊಮ್ಮೆ ಓದಿ: ತೋರಿಸಿ, ವಿವರಿಸುವ ಶಕ್ತಿ. ನನ್ನ ಜೀಪಿನ ಗುರುವಿಗೆ ಐದಲ್ಲ, ಇಪ್ಪತ್ತೈದು ವರ್ಷದ ಅನುಭವವಿತ್ತು. ಇಲ್ಲದಿದ್ದದ್ದು ಈ ಶಕ್ತಿ ಮಾತ್ರ. ನಾನು ಚರಂಡಿಗೆ ಇಳಿದದ್ದು ಆ ಕೊರತೆಯಿಂದಲೇ. ಬ್ರೇಕ್ ಕಾದರೆ ಏನಾಗುತ್ತದೆಂದು ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ, ಆದ್ದರಿಂದ ಮೆಕ್ಯಾನಿಕ್ ವಿದ್ಯೆ ಬಲ್ಲವನು ಪಕ್ಕದಲ್ಲಿರಲಿ ಎಂದು ನಿಯಮ ಬಯಸಿತು. ಸ್ಕೂಲಿನಲ್ಲಿ ಬೋರ್ಡು, ಚಿಹ್ನೆಗಳ ಪಟ, ಗೇರ್ ಬಾಕ್ಸ್, ಬ್ರೇಕ್ ಡ್ರಮ್ಮು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದೂ ಅದು ಹೇಳುತ್ತದೆ. ನಾವು ಸ್ಕೂಲಿಗೆ ಹೋದಾಗ ಮೇಜಿನ ಮೇಲೆ ನೋಡುವುದು ಅರ್ಜಿಯ ಕಟ್ಟು ಮತ್ತು ಗೋಂದಿನ ಬಾಟಲಿ.

"ಕಾನೂನೇ ಬಿಟ್ಟಿದೆಯಲ್ಲ ಸ್ವಾಮಿ, ಎಲ್ಲೆಲ್ಲಾರ್, ಅಂದರೆ ಕಲಿಯುವವರ ಲೈಸೆನ್ಸ್, ಮಾಡಿಸಿದವನ ಪಕ್ಕ ಲೈಸೆನ್ಸ್ ಇದ್ದ ಯಾರು ಕೂತರೂ ಆಯಿತು" ಎಂದು ವಕೀಲಿ ಮಾಡುವವರೂ ಇದ್ದಾರೆ. ನಿಜ. 3ನೇ ನಿಯಮ ಅಷ್ಟಕ್ಕೆ ಅವಕಾಶ ಕೊಡುತ್ತದೆ. ಆದರೆ ಅದೇ ನಿಯಮ ಒಂದು ಶರತ್ತು ಹಾಕಿದೆ: ಪಕ್ಕದವನು ಗಾಡಿಯನ್ನು ಹತೋಟಿಗೆ ತರುವ ಅಥವಾ ನಿಲ್ಲಿಸುವ ಸ್ಥಿತಿಯಲ್ಲಿ ಕೂತಿರಬೇಕು. ಮನೆಯ ಕಾರಿನಲ್ಲಿ ಎಡಗಡೆ ಬ್ರೇಕ್ ಇಲ್ಲ. ಭಾವನ ಕೈಯಲ್ಲಿ ಇರುವುದು ಹ್ಯಾಂಡ್ ಬ್ರೇಕ್ ಒಂದು, ಬೈಗುಳ ಇನ್ನೊಂದು. ಸಾಮಾನ್ಯವಾಗಿ ಎರಡನೆಯದನ್ನೇ ಮೊದಲು ಎಳೆಯುತ್ತಾನೆ. ಗಂಡ ಹೆಂಡತಿಗೆ ಕಾರು ಕಲಿಸುವ ದೃಶ್ಯವನ್ನು ನೋಡಿದವರಿಗೆ ನಾನು ಹೆಚ್ಚು ಹೇಳುವುದಿಲ್ಲ. ಮೊದಲ ದಿನ ಕ್ಲಚ್, ಎರಡನೇ ದಿನ ಜಗಳ, ಮೂರನೇ ದಿನದಿಂದ ಕಾರು ಶೆಡ್ಡಿನಲ್ಲಿ. ಆಮೇಲೆ ಜೀವನಪೂರ್ತಿ "ಅವಳಿಗೆ ಬರೋದಿಲ್ಲ" ಎಂಬ ಹೆಸರು. ಬಾರದ್ದು ಯಾರಿಗೆ, ಕಲಿಯುವವಳಿಗೋ ಕಲಿಸುವವನಿಗೋ?

ಈಗ ಸ್ಕೂಲಿನವರ ಸರದಿ. ನಾನು ಅವರ ವಕೀಲನಲ್ಲ. ನನ್ನ ಅಣ್ಣನ ಮಗಳು ಮೊದಲು ಸೇರಿದ ಸ್ಕೂಲೊಂದರ ಕಥೆ ಕೇಳಿ. ಕಾರಿನಲ್ಲಿ ಪ್ರತಿದಿನ ನಾಲ್ವರು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಖಾಸಗಿ ಕಾರು ಕಲಿಸಲು ಕನಿಷ್ಠ 21 ದಿನ, ಅದರಲ್ಲಿ ಕನಿಷ್ಠ 10 ತಾಸು ವಿದ್ಯಾರ್ಥಿಯೇ ಸ್ಟೇರಿಂಗ್ ಹಿಡಿದಿರಬೇಕು ಎಂಬುದು 31ನೇ ನಿಯಮ. ದಿನಕ್ಕೆ ಅರ್ಧ ತಾಸಿನ ಹತ್ತಿರ ಬಂತು. ಹದಿನೈದು ನಿಮಿಷದಂತೆ 21 ದಿನಕ್ಕೆ ಐದೂ ಕಾಲು ತಾಸು. ಅರ್ಧ ಹಾಲು, ಅರ್ಧ ನೀರು. ಅದೂ ಹೋಗಲಿ. ಸ್ಕೂಲಿನ ಕಾರಿನಲ್ಲಿ ಮಾಸ್ತರ ಕಡೆಗೂ ಪೆಡಲ್ ಇರಬೇಕೆಂದು ನಿಯಮ ಹೇಳುವುದು ಅಪಾಯ ತಪ್ಪಿಸಲು. ಇವರು ಅದನ್ನು ಸಮಯ ಉಳಿಸಲು ಬಳಸುತ್ತಾರೆ. ಹುಡುಗಿ ತಡಬಡಾಯಿಸುವ ಮೊದಲೇ ಕ್ಲಚ್ ಅವರೇ ಒತ್ತುತ್ತಾರೆ, ಬ್ರೇಕ್ ಅವರೇ ಹಿಡಿಯುತ್ತಾರೆ. ಇಪ್ಪತ್ತು ದಿನ ಅವಳ ಕಾರು ಒಮ್ಮೆಯೂ ಆಫ್ ಆಗಲಿಲ್ಲ. ಮನೆಯಲ್ಲಿ ಎಲ್ಲರಿಗೂ ಹೆಮ್ಮೆ. ಇಪ್ಪತ್ತೆರಡನೇ ದಿನ ಮನೆಯ ಕಾರನ್ನು ಗೇಟಿನ ಹೊರಗಿನ ಏರಿನಲ್ಲಿ ನಿಲ್ಲಿಸಿ ಎತ್ತಲು ಹೋದಾಗ ಐದು ಸಲ ಆಫ್ ಆಯಿತು, ಆರನೇ ಸಲ ಹಿಂದೆ ಜಾರಿ ದಣಪೆಗೆ ಬಡಿಯಿತು. ಅಷ್ಟು ದಿನ ಕಾರು ನಡೆಸಿದ್ದು ಯಾರು ಎಂಬುದು ಆಗ ಬಯಲಾಯಿತು.

ಆ ಸ್ಕೂಲಿಗೆ ಅವಳನ್ನು ಕಳಿಸಿದ್ದು ಯಾಕೆ? "ಅಲ್ಲಿ ಲೈಸೆನ್ಸ್ ಗ್ಯಾರಂಟಿ" ಎಂದು ಯಾರೋ ಅಂದರು. ನಾವು ಕೇಳುವುದೇ ಅಷ್ಟನ್ನು. ಎಷ್ಟು ದಿನಕ್ಕೆ ಲೈಸೆನ್ಸ್ ಕೈಗೆ ಸಿಗುತ್ತದೆ, ಒಟ್ಟು ಎಷ್ಟಾಗುತ್ತದೆ, ಪರೀಕ್ಷೆಯ ದಿನ ಯಾರಾದರೂ ಜೊತೆಗೆ ಬರುತ್ತಾರೋ. ಬೇಡಿಕೆ ಹೇಗೋ ಪೂರೈಕೆ ಹಾಗೆ. ಒಳ್ಳೆಯ ಮಾಸ್ತರೊಬ್ಬ ಹತ್ತು ತಾಸು ಪೂರ್ತಿ ಕಲಿಸಿ, ಏರಿನಲ್ಲಿ ನಿಲ್ಲಿಸಿ ಎತ್ತಿಸಿ, ಇನ್ನೂ ನಾಲ್ಕು ದಿನ ಬೇಕು ಎಂದರೆ ನಾವೇ "ದುಡ್ಡು ಮಾಡುವ ಉಪಾಯ" ಎಂದು ಎದ್ದು ಬರುತ್ತೇವೆ. ಕೆಟ್ಟ ಸ್ಕೂಲುಗಳನ್ನು ಸಾಕಿದವರು ನಾವು, ಬೈಯುವವರೂ ನಾವು.

ಅದೇ ನಾವು ಬೇರೆ ವಿದ್ಯೆಗೆ ಗುರುವನ್ನು ಹುಡುಕುವ ಬಗೆ ನೋಡಿ. ಮಗಳಿಗೆ ಸಂಗೀತಕ್ಕೆ ಹಾಕುವಾಗ ಮಾಸ್ತರ ಗುರು ಯಾರು, ಗುರುವಿನ ಗುರು ಯಾರು ಎಂದು ಮೂರು ತಲೆಮಾರು ಜಾಲಾಡುತ್ತೇವೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಮರ ಹತ್ತಲು ಹೊಸ ಹುಡುಗನನ್ನು ಕರೆತಂದರೆ "ಯಾರ ಹತ್ತಿರ ಕಲಿತಿದ್ದು?" ಎಂದು ಕೇಳದೆ ತೋಟಕ್ಕೆ ಬಿಡುವುದಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನನ್ನು ರಾತ್ರಿಯಿಡೀ ಕಣ್ಣುಮಿಟುಕಿಸದೆ ನೋಡಿದವರು ಈ ಸೀಮೆಯಲ್ಲಿ ಸಾವಿರಾರು. ನೋಡಿದ್ದರಿಂದಲೇ ಕುಣಿಯಲು ಬಂತೆಂದು ಅವರಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ. ಹೊಸ್ತೋಟ ಮಂಜುನಾಥ ಭಾಗವತರು ಕಣ್ಣು ಕಾಣದವರಿಗೆ ಯಕ್ಷಗಾನದ ಹೆಜ್ಜೆ ಕಲಿಸಿದರು. ನೋಡಿ ಕಲಿ ಎನ್ನುವ ದಾರಿಯೇ ಇಲ್ಲದವರಿಗೆ! ತಾನು ಮಾಡುವುದನ್ನು ಬಿಡಿಬಿಡಿಯಾಗಿ ಬಿಚ್ಚಿ, ಇನ್ನೊಬ್ಬರ ಕೈಕಾಲಿಗೆ ದಾಟಿಸುವ ವಿದ್ಯೆಯೇ ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನಮಗೆ ಬೇಕೇ? ಹೆಜ್ಜೆ ತಪ್ಪಿದರೆ ತಾಳ ಕೆಡುತ್ತದೆ ಅಷ್ಟೆ. ಆ ಹೆಜ್ಜೆಗೆ ಗುರು ಬೇಕು, ಕ್ಲಚ್ಚಿಗೆ ಬೇಡವೇ?

ಬ್ರಿಟನ್ನಿನಲ್ಲಿ ಈ ವ್ಯತ್ಯಾಸವನ್ನು ಕಾನೂನೇ ಒಪ್ಪಿಕೊಂಡಿದೆ. ಹಣ ಪಡೆದು ಕಾರು ಕಲಿಸುವ ಪೂರ್ಣ ಮಾನ್ಯತೆ ಬೇಕಾದರೆ ಅಲ್ಲಿ ಮಾಸ್ತರು ಮೂರು ಪರೀಕ್ಷೆ ದಾಟಬೇಕು: ತಿಳಿವಳಿಕೆಯದ್ದು ಒಂದು, ಓಡಿಸುವುದರದ್ದು ಇನ್ನೊಂದು, ಮೂರನೆಯದು ಕಲಿಸುವುದರದ್ದೇ. ಪಾಸಾದವನ ಕಾರಿನ ಗಾಜಿನ ಮೇಲೆ ಹಸಿರು ಬ್ಯಾಡ್ಜು. ನಮ್ಮೂರ ಹುಡುಗರು ಅಲ್ಲಿ ಕೆಲಸಕ್ಕೆ ಹೋಗಿ, ಇಲ್ಲಿನ ಲೈಸೆನ್ಸಿನ ಒಂದು ವರ್ಷದ ಅವಧಿ ಮುಗಿದ ಮೇಲೆ ಆ ಬ್ಯಾಡ್ಜಿನವನ ಮುಂದೆ ತಾಸಿಗಿಷ್ಟೆಂದು ಪೌಂಡು ಎಣಿಸಿ ಕೈಕಟ್ಟಿ ಕೂರುತ್ತಾರೆ. ರಜೆಗೆ ಬಂದಾಗ ಇಲ್ಲಿ ತಮ್ಮನಿಗೆ ಅಂಗಳದಲ್ಲಿ ತಾವೇ ಗುರು.

ನಮ್ಮಲ್ಲೂ ಏನೂ ಆಗಿಲ್ಲವೆಂದಲ್ಲ. 2021ರ ಜುಲೈ 1ರಿಂದ ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರಗಳ ನಿಯಮ ಬಂದಿದೆ. ಕಾರಿಗೆ ನಾಲ್ಕು ವಾರದೊಳಗೆ 29 ತಾಸು: ಎಂಟು ತಾಸು ಪಾಠ, ಇಪ್ಪತ್ತೊಂದು ತಾಸು ಗಾಡಿ, ಅದರಲ್ಲಿ ಏರು ಇಳುಕಲಿನ ಚಾಲನೆಯೂ ಸೇರಿದೆ. ಇಂಥ ಕೇಂದ್ರದಲ್ಲಿ ಪಾಸಾದರೆ ಆರ್‌ಟಿಒ ಪರೀಕ್ಷೆಯಿಂದ ವಿನಾಯಿತಿ. 2024ರ ಮೇ ತಿಂಗಳಲ್ಲಿ ಇದನ್ನೇ ತಿರುಚಿ "ಜೂನ್ 1ರಿಂದ ಎಲ್ಲ ಡ್ರೈವಿಂಗ್ ಸ್ಕೂಲಿನವರೂ ಲೈಸೆನ್ಸ್ ಕೊಡಬಹುದಂತೆ" ಎಂಬ ಸುದ್ದಿ ಹಬ್ಬಿತು. ಹಾಗೇನೂ ಇಲ್ಲ, ನಿಯಮ ಬದಲಾಗಿಲ್ಲ ಎಂದು ಸಚಿವಾಲಯವೇ ಹೇಳಬೇಕಾಯಿತು. ಆ ಸುದ್ದಿ ಕೇಳಿದ ಜಗುಲಿಗಳಲ್ಲಿ ಎಷ್ಟು ಸಂತೋಷವಾಗಿತ್ತೆಂದರೆ, 29 ತಾಸು ಎಂಬ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. "ಪರೀಕ್ಷೆ ಇಲ್ಲ" ಎಂಬುದಷ್ಟೇ ಬಿದ್ದಿತ್ತು.

ದೂರದ ಮಾತು ಬಂದೇ ಬರುತ್ತದೆ. ಪೇಟೆಗೆ ಮೂವತ್ತು ಕಿಲೋಮೀಟರ್, ದಿನಾ ಬಸ್ಸಿಗೆ ಹೋಗಿ ಅರ್ಧ ತಾಸು ಕಲಿತು ಬರುವುದು ಯಾರಿಂದ ಸಾಧ್ಯ? ಇದು ನ್ಯಾಯವಾದ ತಕರಾರು, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅಂಥವರು ಎಲ್ಲೆಲ್ಲಾರ್ ಮಾಡಿಸಿ, ಸ್ಟೇರಿಂಗ್ ಕೈಗೆ ಒಗ್ಗುವವರೆಗೆ ಮನೆಯ ಅಂಗಳದಲ್ಲೇ ತಿರುಗಿಸಲಿ. ಆದರೆ ಡಾಂಬರಿಗೆ ಇಳಿಯುವ ಮೊದಲು, ಘಟ್ಟಕ್ಕೆ ಹೋಗುವ ಮೊದಲಂತೂ ಖಂಡಿತ, ಒಬ್ಬ ಓದಿದ ಮಾಸ್ತರ ಕೈಗೆ ಕೊಡಿ. ಹಣದ ತಕರಾರನ್ನು ಮಾತ್ರ ನಾನು ಒಪ್ಪುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಕಾರು ತಂದವರು, ಅದಕ್ಕೆ ಸೀಟ್ ಕವರು, ಡ್ಯಾಶ್‌ಬೋರ್ಡಿಗೆ ಗಣಪತಿ, ಹಿಂದಿನ ಗಾಜಿಗೆ ಕುಲದೇವರ ಹೆಸರು ಹಾಕಿಸಿದವರು ಮಾಸ್ತರ ಫೀ ಕೇಳಿ ಹೌಹಾರುತ್ತಾರೆ. ಹದಿನಾರರ ಮಗನಿಗೆ ಸ್ಕೂಟಿ ಕೊಟ್ಟು ಡೈರಿಗೆ ಹಾಲು ಕಳಿಸುವವರಿಗಂತೂ 2019ರ ತಿದ್ದುಪಡಿಯ ನೆನಪು ಮಾಡಿಸಬೇಕು: ಅಪ್ಪನಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಮಗನಿಗೆ ಇಪ್ಪತ್ತೈದು ತುಂಬುವ ತನಕ ಲೈಸೆನ್ಸ್ ಇಲ್ಲ.

ಹಾಗಾದರೆ ಮಾಸ್ತರನ್ನು ಆರಿಸುವುದು ಹೇಗೆ? ಬಾಗಿಲಲ್ಲೇ ಗೊತ್ತಾಗುತ್ತದೆ. ಸ್ಕೂಲಿನ ಮೂಲ ಲೈಸೆನ್ಸು ಮತ್ತು ಕಲಿಸುವವರ ಹೆಸರು ವಿಳಾಸ ಕಾಣುವ ಹಾಗೆ ಗೋಡೆಯ ಮೇಲೆ ಇರಬೇಕೆಂದು ನಿಯಮವಿದೆ. ಇಲ್ಲದಿದ್ದರೆ ಕೇಳಿ. ಗೋಡೆಯ ಮೇಲಿನ ಹೆಸರಿನವರೇ ಕಾರಿನಲ್ಲಿ ಕೂರುತ್ತಾರೋ, ನಿನ್ನೆ ತಾನೇ ಕೆಲಸಕ್ಕೆ ಸೇರಿದ ಹುಡುಗನೋ ಎಂದೂ ಕೇಳಿ. ಪ್ರತಿ ವಿದ್ಯಾರ್ಥಿ ದಿನಕ್ಕೆ ಎಷ್ಟು ಹೊತ್ತು ನಡೆಸಿದ ಎಂದು ಬರೆದಿಡುವ ಫಾರ್ಮ್ 15 ಎಂಬುದೊಂದಿದೆ, ತೋರಿಸಿ ಎನ್ನಿ. ಒಬ್ಬ ಮಾಸ್ತರು ಇದನ್ನು ಕೇಳಿದ್ದಕ್ಕೆ ನನ್ನ ಮೇಲೆ ರೇಗಿದರು, ನನ್ನ ಕೆಲಸ ಸುಲಭವಾಯಿತು. ಇನ್ನೊಂದು ಸಣ್ಣ ಪ್ರಶ್ನೆ ಸಾಕು: "ಅಗಲವಿಲ್ಲದ ಘಟ್ಟದಲ್ಲಿ ಎರಡು ಗಾಡಿ ಎದುರಾದರೆ ಯಾರು ನಿಲ್ಲಬೇಕು?" ಇಳಿಯುವವನು ನಿಂತು ಹತ್ತುವವನಿಗೆ ದಾರಿ ಬಿಡಬೇಕು. ನಮ್ಮ ಘಟ್ಟಗಳಲ್ಲಿ ದಿನವೂ ಉಲ್ಟಾ ನಡೆಯುವ ನಿಯಮ ಇದು. "ದೊಡ್ಡ ಗಾಡಿಗೆ ಬಿಡಬೇಕು" ಎಂದು ಉತ್ತರ ಬಂದರೆ ನಮಸ್ಕಾರ ಹೇಳಿ ಹೊರಡಿ. ಮತ್ತೆ ಒಂದು ದಿನ ಹಿಂದಿನ ಸೀಟಿನಲ್ಲಿ ಕೂತು ಅವರ ಕಾಲು ನೋಡಿ, ಬಾಯಿ ನೋಡಿ. ಕಾಲು ಕೆಲಸ ಮಾಡುತ್ತಿದ್ದು ಬಾಯಿ ಮುಚ್ಚಿದ್ದರೆ ಆ ಮನುಷ್ಯ ನಿಮ್ಮ ದುಡ್ಡಿನಲ್ಲಿ ತಾನು ಡ್ರೈವಿಂಗ್ ಮಾಡುತ್ತಿದ್ದಾನೆ.

ಅಣ್ಣನ ಮಗಳಿಗೆ ಎರಡನೆಯ ಸಲ ನಾವು ಹಾಗೇ ಹುಡುಕಿದೆವು. ಸಿಕ್ಕಿದವರು ಹಿಂದೆ ಗ್ಯಾರೇಜಿನಲ್ಲಿದ್ದ ಮಾಸ್ತರು, ಮಾತು ಸ್ವಲ್ಪ ಜಾಸ್ತಿ. ಮೊದಲ ಎರಡು ದಿನ ಬಾನೆಟ್ ಎತ್ತಿಸಿ ಬ್ರೇಕ್ ಆಯಿಲ್ ಎಲ್ಲಿದೆ, ಬಣ್ಣ ಹೇಗಿರಬೇಕು ಎಂದು ತೋರಿಸಿದರು. ಏರಿನಲ್ಲಿ ಹಿಂದಿನ ಗಾಲಿಯ ಬುಡಕ್ಕೆ ಒಂದು ಖಾಲಿ ಬೆಂಕಿಪೆಟ್ಟಿಗೆ ಇಟ್ಟು, ಅದು ಅಪ್ಪಚ್ಚಿಯಾಗದ ಹಾಗೆ ಗಾಡಿ ಎತ್ತು ಎಂದರು. ಹನ್ನೊಂದು ಬೆಂಕಿಪೆಟ್ಟಿಗೆ ಹೋದವು. ಮಳೆಗಾಲದಲ್ಲಿ ಮರದ ನೆರಳಿನ ಡಾಂಬರಿನ ಅಂಚಿಗೆ ಹಾವಸೆ ಕಟ್ಟುವುದನ್ನು ಗಾಡಿ ನಿಲ್ಲಿಸಿ ಕಾಲಲ್ಲಿ ಉಜ್ಜಿ ತೋರಿಸಿದರು. ಕೊನೆಯ ವಾರ ರಾಗಿಹೊಸಳ್ಳಿ ದಾಟಿ ಘಟ್ಟ ಇಳಿಸಿ ಹತ್ತಿಸಿದರು, ಎರಡು ಸಲ ಹಗಲು, ಒಂದು ಸಲ ಕತ್ತಲಾದ ಮೇಲೆ. ತಮ್ಮ ಕಡೆಯ ಪೆಡಲಿನ ಮೇಲೆ ಕಾಲಿಟ್ಟುಕೊಂಡಿದ್ದರು, ಒತ್ತಲಿಲ್ಲ.

ಕಳೆದ ಶ್ರಾವಣದಲ್ಲಿ ಅವಳೇ ನಮ್ಮನ್ನು ಕುಮಟೆಗೆ ಕರೆದೊಯ್ದಳು. ಮುಂದಿನ ಸೀಟಿನಲ್ಲಿ ಜಗುಲಿಯ ತೀರ್ಪುಗಾರರಾದ ನಮ್ಮ ಮಾವ. ದೇವಿಮನೆಯಲ್ಲಿ ಇಳಿದು ಕೈಮುಗಿದು, ಕವಳ ಹಾಕಿ, ಮತ್ತೆ ಹತ್ತಿ ಕೂತರು. ಇಳುಕಲು ಶುರುವಾದ ಕೂಡಲೇ ಅವರು ಹೇಳಿದರು: "ನ್ಯೂಟ್ರಲ್ ಮಾಡೇ ತಂಗಿ, ಪೆಟ್ರೋಲ್ ಉಳಿತು." ಅವಳು ಉತ್ತರ ಕೊಡಲಿಲ್ಲ. ಎರಡನೇ ಗೇರಿಗೆ ಹಾಕಿದಳು. ಎಂಜಿನ್ ಗೊರ್ರೆಂದಿತು. ಗಾಡಿ ಹಾಳಾಗ್ತು ಎಂದು ಮಾವ ಘಟ್ಟದ ಕೆಳಗಿನ ಕತಗಾಲ ಬರುವವರೆಗೂ ಗೊಣಗುತ್ತಲೇ ಇದ್ದರು.